ಅವ್ವ ಅತ್ತಿರಲಿಲ್ಲ



*ಇಂದಿನ ಧಮ್ಮ ಚಿಂತನೆ: ಮೊಬೈಲಿನಲ್ಲಿ ನಾವು ತೋರಿಸುವ ಮುಖ ಮತ್ತು ನಾಲ್ಕನೆಯ ಶೀಲ*

ಧಮ್ಮ ಬಂಧುಗಳೇ,

ಇಂದು ಚಿಂತನೆ ಬರೆಯುವ ಸರದಿ ನನ್ನದು. ಕಳೆದ ವಾರ ನಮ್ಮ ಓದಿನ ಬಳಗದ ತರುಣರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. "ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮಿನ್ಯಾಗ ಅಸಲಿ ಆಗಿರ್ರಿ, ಓದಿದವರಿಗೆ ಇವರು ನಮ್ಮವರ ಅನಸಬೇಕು ಅಂತ ಎಲ್ಲಾರೂ ಹೇಳ್ತಾರ. ನಮ್ಮಂಥವರು ಅಸಲಿ ಆಗೂದು ಅಂದ್ರ ಏನ್ರಿ ಅಕ್ಕೋರ?" ಅವತ್ತು ನಾನು ಏನೋ ಒಂದು ಹೇಳಿ ಮುಗಿಸಿದೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಯಾಕೆಂದರೆ ಆ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕಿತ್ತು. ಅದನ್ನು ಇವತ್ತು ಹೇಳುತ್ತೇನೆ.

ಎರಡು ವರ್ಷದ ಹಿಂದೆ, ಏಪ್ರಿಲ್ 14ರ ಹಿಂದಿನ ರಾತ್ರಿ, ನಾನು ಫೇಸ್‌ಬುಕ್ಕಿನಲ್ಲಿ ನನ್ನ ಅವ್ವನ ಬಗ್ಗೆ ಬರೆದೆ. ನನಗೆ ಆಗ ಎಂಟು ವರ್ಷ. ಅವ್ವ ಹೆಸರು ಬಿಡಿಸಲು ಕೂಲಿಗೆ ಹೋಗಿದ್ದಳು, ಜೊತೆಗೆ ನಾನೂ ಹೋಗಿದ್ದೆ. ಮಧ್ಯಾಹ್ನ ಹೊಲದ ಒಡೆಯರ ಮನೆಯಿಂದ ಕೊಡದಲ್ಲಿ ನೀರು ಬಂತು. ಬೇರೆ ಹೆಣ್ಣುಮಕ್ಕಳು ತಂಬಿಗೆಯಲ್ಲಿ ಕುಡಿದರು. ಅವ್ವ ಬದುವಿನ ಕೆಳಗೆ ಬಗ್ಗಿ ನಿಂತು ಬೊಗಸೆ ಒಡ್ಡಿದಳು. ಮೇಲಿನಿಂದ ನೀರು ಸುರಿದರು. ಅರ್ಧ ನೀರು ಬಾಯಿಗೆ, ಅರ್ಧ ಸೀರೆಯ ಮೇಲೆ. ಯಾರೋ ನಕ್ಕರು. ಇಷ್ಟು ನಾನು ಕಣ್ಣಾರೆ ಕಂಡದ್ದು.

ಇದನ್ನು ಬರೆದು, ಕೊನೆಗೆ ಒಂದು ಸಾಲು ಸೇರಿಸಿದೆ. ಆ ರಾತ್ರಿ ಅವ್ವ ಒಲೆಯ ಮುಂದೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು ಎಂದು. ಜೊತೆಗೆ ಅವ್ವನ ಬೆರಳು ಸೊಟ್ಟಗಾದ ಎರಡೂ ಕೈಗಳ ಫೋಟೋ ಹಾಕಿದೆ. ಅವಳು ಮಲಗಿದ್ದಾಗ ತೆಗೆದ ಫೋಟೋ ಅದು.

ಬೆಳಗಾಗುವುದರೊಳಗೆ ನೂರಾರು ಜನ ಓದಿದ್ದರು. ಸಂಜೆ ಹೊತ್ತಿಗೆ ಸಾವಿರ ದಾಟಿತು. ಗೊತ್ತಿಲ್ಲದವರೆಲ್ಲ ಹಂಚಿಕೊಂಡರು. "ಕಣ್ಣೀರು ಬಂತು ಮೇಡಂ" ಎಂದರು. "ಇದು ನಮ್ಮ ಮನೆಯ ಕಥೆಯೇ" ಎಂದರು. ಬಳಗದವರು ಫೋನ್ ಮಾಡಿ ಹೊಗಳಿದರು. ಅವತ್ತು ಜಯಂತಿಯ ಮೆರವಣಿಗೆಯಲ್ಲಿ ನಾನು ನಡೆದದ್ದಕ್ಕಿಂತ ಮೊಬೈಲ್ ನೋಡಿದ್ದೇ ಹೆಚ್ಚು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಅವ್ವನಿಗೆ ಓದಲು ಬರುವುದಿಲ್ಲ. ನಾಲ್ಕು ದಿನದ ಮೇಲೆ ಲಕ್ಕಲಕಟ್ಟಿಯ ನಮ್ಮ ಓಣಿಯ ಹುಡುಗನೊಬ್ಬ ಕಟ್ಟೆಯ ಮೇಲೆ ಕುಳಿತು ಅವಳಿಗೆ ಅದನ್ನು ಓದಿ ಹೇಳಿದ. ಅವಳು ಸಂತೋಷಪಡುತ್ತಾಳೆ ಎಂದು ಅವನ ಎಣಿಕೆ. ಅವ್ವ ಒಂದು ದಿನ ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ. ಮರುದಿನ ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ ಕೇಳಿದಳು.

"ನಾ ಅತ್ತಿದ್ದು ನೀ ಯಾವಾಗ ನೋಡಿದಿ?"

ನನ್ನ ಬಳಿ ಉತ್ತರ ಇರಲಿಲ್ಲ.

"ನಾ ಅತ್ತಿದ್ದಿಲ್ಲ ಯವ್ವಾ. ಮರುದಿನದಿಂದ ಮನ್ಯಾಗಿಂದ ತಂಬಿಗಿ ತುಂಬಕೊಂಡು ಒಯ್ದೆ. ಅವರ ನೀರು ಮುಟ್ಟಲಿಲ್ಲ. ಒಂದು ವಾರದಾಗ ನಮ್ಮ ಓಣಿ ಹೆಣ್ಣಮಕ್ಕಳೆಲ್ಲಾ ತಂಬಿಗಿ ತಂದ್ರು. ಅದನ್ಯಾಕ ಬರೀಲಿಲ್ಲ? ನೀರು ಸುರುವಿದ್ದು ನೆನಪ ಐತಿ, ತಂಬಿಗಿ ನೆನಪ ಇಲ್ಲೇನು?"

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು ಹೇಳಿದಳು. "ಅದು ನಿನ್ನ ಕಥಿ ಅಲ್ಲ, ನನ್ನ ಕಥಿ. ಹೇಳೂ ಮೊದಲ ನನ್ನ ಕೇಳಬೇಕಿತ್ತು."

ಬಂಧುಗಳೇ, ಆ ಬರಹದಲ್ಲಿ ಹದಿನೈದು ಸಾಲು ಇದ್ದವು. ಹದಿನಾಲ್ಕು ನಿಜ. ಒಂದು ಸುಳ್ಳು. ಜನ ಹಂಚಿಕೊಂಡದ್ದು ಆ ಒಂದು ಸಾಲಿನಿಂದ.

*ರಾಹುಲನಿಗೆ ತೋರಿಸಿದ ನೀರಿನ ಪಾತ್ರೆ*

ಮಜ್ಝಿಮ ನಿಕಾಯದಲ್ಲಿ ಒಂದು ಸುತ್ತ ಇದೆ, ಅಂಬಲಟ್ಠಿಕಾ ರಾಹುಲೋವಾದ ಸುತ್ತ. ನಮ್ಮ ಬಳಗದಲ್ಲಿ ಒಮ್ಮೆ ಓದಿದ್ದೇವೆ. ಬುದ್ಧರು ರಾಹುಲನನ್ನು ಕಾಣಲು ಹೋಗುತ್ತಾರೆ. ರಾಹುಲ ಕಾಲು ತೊಳೆಯಲು ನೀರು ಇಡುತ್ತಾನೆ. ಕಾಲು ತೊಳೆದು, ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ, ಅದನ್ನು ತೋರಿಸಿ ಕೇಳುತ್ತಾರೆ. ತಿಳಿದೂ ತಿಳಿದೂ ಸುಳ್ಳು ಹೇಳಲು ನಾಚದವನ ಸಾಧನೆ ಇಷ್ಟೇ ಇಷ್ಟು ಎನ್ನುತ್ತಾರೆ. ಆಮೇಲೆ ಆ ನೀರನ್ನೂ ಚೆಲ್ಲುತ್ತಾರೆ. ಪಾತ್ರೆಯನ್ನು ಬೋರಲು ಹಾಕುತ್ತಾರೆ. ಮತ್ತೆ ಎತ್ತಿ ಖಾಲಿ ಪಾತ್ರೆಯನ್ನು ತೋರಿಸುತ್ತಾರೆ. ತಮಾಷೆಗೂ ಸುಳ್ಳಾಡಬೇಡ ಎಂದು ಮಗನಿಗೆ ಕಲಿಸುತ್ತಾರೆ.

ಸುಳ್ಳು ಹೇಳುವುದಿಲ್ಲ ಎಂಬುದು ಪಂಚಶೀಲದ ನಾಲ್ಕನೆಯದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿಯೂ ಅದು ಇದೆ. ನಾವು ಪ್ರತಿ ಭಾನುವಾರ ಹೇಳುತ್ತೇವೆ. ಹೇಳುವಾಗ ಕಳ್ಳತನ, ಮೋಸ, ಕೋರ್ಟಿನ ಸುಳ್ಳುಸಾಕ್ಷಿ ಇವು ನೆನಪಾಗುತ್ತವೆ. ಅವ್ವನ ಕಣ್ಣೀರು ಎಂದು ಬರೆಯುವುದು ಆ ಪಟ್ಟಿಯಲ್ಲಿ ಬರುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಬಳಗದ ಹಿರಿಯರೊಬ್ಬರಿಗೆ ಇದನ್ನು ಹೇಳಿದಾಗ ಅವರು ನನ್ನನ್ನು ಸಮಾಧಾನ ಮಾಡಿದರು. "ಸಾವಿರಾರು ವರ್ಷ ನಮ್ಮ ನೋವು ಮುಚ್ಚಿಟ್ಟಾರ. ಒಂದು ಹನಿ ಕಣ್ಣೀರು ಹೆಚ್ಚಾದರ ಏನಾತು? ಲೆಕ್ಕ ಇಡೋರು ಯಾರು?" ಎಂದರು. ಈ ಮಾತಿನಲ್ಲಿ ಪ್ರೀತಿ ಇದೆ. ಆದರೆ ನನಗೆ ಎರಡು ಕಾರಣಕ್ಕೆ ಒಪ್ಪಿಗೆಯಾಗಲಿಲ್ಲ.

ಒಂದು, ಲೆಕ್ಕ ಇಡುವವರು ಇದ್ದಾರೆ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ದೂರು ಕೊಟ್ಟ ಯಾವ ಕುಟುಂಬವನ್ನಾದರೂ ಕೇಳಿ. ಹೇಳಿಕೆಯಲ್ಲಿ ಒಂದು ಸಣ್ಣ ವಿವರ ಹೆಚ್ಚುಕಮ್ಮಿಯಾದರೆ ಎದುರಿನ ವಕೀಲರು ಅದನ್ನೇ ಹಿಡಿದು ಇಡೀ ಘಟನೆ ಸುಳ್ಳೆನ್ನುತ್ತಾರೆ. ನಮ್ಮ ಮಾತನ್ನು ಮೊದಲೇ ಅನುಮಾನದಿಂದ ಕೇಳುವ ಸಮಾಜ ಇದು. ಸೇರಿಸಿದ ಒಂದು ಸಾಲು ಉಳಿದ ಹದಿನಾಲ್ಕು ಸಾಲನ್ನೂ ನುಂಗಬಲ್ಲದು.

ಎರಡನೆಯದು ಇನ್ನೂ ದೊಡ್ಡದು. ನನ್ನ ಸುಳ್ಳು ಅವ್ವನನ್ನು ದೊಡ್ಡವಳನ್ನಾಗಿ ಮಾಡಲಿಲ್ಲ, ಸಣ್ಣವಳನ್ನಾಗಿ ಮಾಡಿತು. ಓದು ಬರದ ಒಬ್ಬ ಕೂಲಿ ಹೆಣ್ಣುಮಗಳು ಯಾರ ಭಾಷಣವನ್ನೂ ಕೇಳದೆ, ಯಾವ ಸಂಘವೂ ಇಲ್ಲದೆ, ಒಂದು ತಂಬಿಗೆಯಿಂದ ಓಣಿಯ ಹೆಣ್ಣುಮಕ್ಕಳ ಬೆನ್ನು ನೇರ ಮಾಡಿದ್ದಳು. ನಾನು ಆ ತಂಬಿಗೆಯನ್ನು ತೆಗೆದುಹಾಕಿ ಅಲ್ಲಿ ಕಣ್ಣೀರು ಇಟ್ಟೆ. ಯಾಕೆಂದರೆ ತಂಬಿಗೆಗಿಂತ ಕಣ್ಣೀರಿಗೆ ಲೈಕು ಹೆಚ್ಚು ಎಂದು ನನ್ನ ಬೆರಳಿಗೆ ಗೊತ್ತಿತ್ತು.

ಆಪ್ತವಾಗಿ ಬರೆಯಿರಿ ಎಂಬ ಉಪದೇಶದ ಒಳಗೆ ಇರುವ ಅಪಾಯ ಇದು. ಯಾರಿಗೆ ಆಪ್ತವಾಗಬೇಕು? ನಮ್ಮ ನೋವನ್ನು ಓದಿ ಕಣ್ಣೊರೆಸಿಕೊಂಡು ಮುಂದಿನ ವಿಡಿಯೋಗೆ ಹೋಗುವವರಿಗೆ ಅಳುವ ಅವ್ವ ಹತ್ತಿರದವಳು ಅನಿಸುತ್ತಾಳೆ. ತಂಬಿಗೆ ಹೊತ್ತ ಅವ್ವ ಅನಿಸುವುದಿಲ್ಲ. ಅವಳನ್ನು ಕಂಡರೆ, ಅವತ್ತು ನೀರು ಸುರಿದವರ ಸಾಲಿನಲ್ಲಿ ನಮ್ಮ ಅಜ್ಜಿಯೂ ಇದ್ದಳೇ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಕನ್ನಡ ಓದಿದವಳಾಗಿ ಇಲ್ಲಿ ಒಂದು ಮಾತು ಸೇರಿಸಬೇಕು. ಸಿದ್ಧಲಿಂಗಯ್ಯನವರ 'ಊರು ಕೇರಿ'ಯನ್ನು ಓದಿದವರಿಗೆ ಗೊತ್ತು, ಅಲ್ಲಿ ಹಸಿವು ಇದೆ, ಅವಮಾನ ಇದೆ, ಆದರೆ ಪುಟಪುಟಕ್ಕೂ ನಗು ಇದೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ದಲ್ಲಿ ಹೆಸರಿನಿಂದಲೇ ಚುಚ್ಚು ಶುರುವಾಗುತ್ತದೆ. ಇವರು ಯಾರೂ ಓದುಗರ ಮುಂದೆ ಕೈಯೊಡ್ಡಿ ನಿಂತಿಲ್ಲ. ಆದರೂ ಲಕ್ಷಾಂತರ ಮನೆಗಳ ಬದುಕು ಅವುಗಳಲ್ಲಿ ಇದೆ. ಆಪ್ತವಾಗಲು ಅಳಲೇಬೇಕೆಂದಿಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿದರೆ ಸಾಕು ಎಂದು ಎಂ.ಎ. ತರಗತಿಯಲ್ಲಿ ಪಾಠ ಕೇಳಿದ್ದ ನಾನೇ ಮರೆತಿದ್ದೆ.

*ಮುಚ್ಚಿಡುವುದು ಸುಳ್ಳೇ?*

ಈಗ ಇನ್ನೊಂದು ಬದಿಗೆ ಬರೋಣ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಮನೆಯವರೊಂದಿಗೆ ದೀಕ್ಷೆ ತೆಗೆದುಕೊಂಡಳು. ಇನ್‌ಸ್ಟಾಗ್ರಾಮಿನಲ್ಲಿ ಅವಳ ಅಡ್ಡಹೆಸರಿಲ್ಲ, ಓಣಿಯ ಫೋಟೋ ಇಲ್ಲ, ದೀಕ್ಷೆಯ ಫೋಟೋ ಇಲ್ಲ. ನಮ್ಮ ಭಾಗದಲ್ಲಿ ಅಡ್ಡಹೆಸರು ಹೇಳಿದರೆ ಮುಗಿಯಿತು, ಮನೆ ಎಲ್ಲಿದೆ ಎಂದು ಕೇಳುವ ಅಗತ್ಯವೇ ಇರುವುದಿಲ್ಲ. ಅವಳು ರಾತ್ರಿ ಹನ್ನೊಂದಕ್ಕೆ ನನಗೆ ಮೆಸೇಜ್ ಮಾಡಿದಳು. "ಅಕ್ಕೋರ, ಜೊತಿಗೆ ಇರೋ ಹುಡುಗ್ಯಾರಿಗೆ ನಾ ಯಾರಂತ ಹೇಳಿಲ್ಲ. ಹೇಳಿದರ ರೂಮ್ ಬಿಡಬೇಕಾಗ್ತದ ಅಂತ ಹೆದರಿಕಿ. ನಾಲ್ಕನೇ ಶೀಲ ಮುರದಂಗ ಆತೇನ್ರಿ?"

ಇದಕ್ಕೆ ಉತ್ತರ ಹೇಳುವ ಮೊದಲು ಬಾಬಾಸಾಹೇಬರ ಬಳಿ ಹೋಗಬೇಕು.

'ವೇಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಬರಹ ನಿಮಗೆಲ್ಲ ಗೊತ್ತು. 1935ರ ಆಸುಪಾಸಿನಲ್ಲಿ ಅವರೇ ಕೈಯಿಂದ ಬರೆದಿಟ್ಟದ್ದು. ಅಚ್ಚಾದದ್ದು 1990ರಲ್ಲಿ, ಪೀಪಲ್ಸ್ ಎಜುಕೇಶನ್ ಸೊಸೈಟಿಯಿಂದ. ಅದರಲ್ಲಿ ಬರೋಡಾದ ಪ್ರಸಂಗ ಇದೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಯುವಕ ಸಂಸ್ಥಾನದ ಕೆಲಸಕ್ಕೆ ಬರೋಡಾಕ್ಕೆ ಹೋಗುತ್ತಾರೆ. ಇರಲು ಜಾಗವಿಲ್ಲ. ಪಾರ್ಸಿಗಳ ವಸತಿಗೃಹಕ್ಕೆ ಹೋಗುತ್ತಾರೆ. ಪಾರ್ಸಿಯಲ್ಲದವರಿಗೆ ಅಲ್ಲಿ ಪ್ರವೇಶವಿಲ್ಲ. ಉಸ್ತುವಾರಿಯವನಿಗೆ ದಿನದ ಬಾಡಿಗೆ ಬೇಕಿತ್ತು, ಇವರಿಗೆ ಸೂರು ಬೇಕಿತ್ತು. ಪುಸ್ತಕದಲ್ಲಿ ಒಂದು ಪಾರ್ಸಿ ಹೆಸರು ಬರೆಯುವುದೆಂದು ಒಪ್ಪಂದವಾಯಿತು. ಹಳೆಯ ಸಾಮಾನು ತುಂಬಿದ ಮಹಡಿಯಲ್ಲಿ, ಬಾವಲಿಗಳು ಹಾರಾಡುವ ಕತ್ತಲಲ್ಲಿ, ಒಬ್ಬರೇ ಮಲಗುತ್ತಿದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಗ್ರಂಥಾಲಯದ ಪುಸ್ತಕಗಳನ್ನು ಎತ್ತಿಕೊಂಡು ಕಚೇರಿಗೆ ಹೊರಡುವಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಹತ್ತು ಹನ್ನೆರಡು ಜನ, ಕೈಯಲ್ಲಿ ಕೋಲು. ಯಾರು ನೀನು ಎಂದು ಕೇಳಿದರು. ಸಂಜೆಯೊಳಗೆ ಜಾಗ ಬಿಡಬೇಕೆಂದರು. ಇಬ್ಬರು ಗೆಳೆಯರ ಮನೆಗೆ ಹೋದರು, ಆಸರೆ ಸಿಗಲಿಲ್ಲ. ಕೊನೆಗೆ ಒಂದು ಉದ್ಯಾನದಲ್ಲಿ ಕುಳಿತು ಕಾದು, ರಾತ್ರಿಯ ರೈಲು ಹತ್ತಿ ಮುಂಬಯಿಗೆ ಮರಳಿದರು.

ಇದನ್ನು ಬರೆಯುವಾಗ ಅವರು ಏನು ಮಾಡಿದ್ದಾರೆ ನೋಡಿ. ಹೆಸರು ಬದಲಿಸಿ ಉಳಿದುಕೊಂಡ ತಮ್ಮ ನಡೆಯನ್ನು ಜಾಣತನ ಎನ್ನಲಿಲ್ಲ, ಅದನ್ನು ವಂಚನೆ ಎಂದೇ ಕರೆದರು. ಕೋಲು ಹಿಡಿದವರ ಮುಂದೆ ಧೀರವಾಗಿ ಉತ್ತರ ಕೊಟ್ಟೆನೆಂದು ಬರೆಯಲಿಲ್ಲ. ಸುಮ್ಮನೆ ನಿಂತೆ ಎಂದು ಬರೆದರು. ಅವರು ಹೋದ ಮೇಲೆ ಅತ್ತೆ ಎಂದೂ ಬರೆದರು, ಯಾಕೆಂದರೆ ನಿಜವಾಗಿ ಅತ್ತಿದ್ದರು. ಅತ್ತಲ್ಲಿ ಅತ್ತೆ ಎನ್ನುವುದು ಸತ್ಯ. ತಂಬಿಗೆ ಎತ್ತಿದಲ್ಲಿ ಅತ್ತಳು ಎನ್ನುವುದು ಸುಳ್ಳು.

ಇದರಿಂದ ನನಗೆ ತಿಳಿದದ್ದು ಇಷ್ಟು. ಒಬ್ಬ ಮನುಷ್ಯ ತಾನು ಮಾಡಿದ್ದನ್ನು ಅದರ ನಿಜವಾದ ಹೆಸರಿನಿಂದ ಕರೆಯಬಹುದು, ಜೊತೆಗೆ ಅದಕ್ಕೆ ತನ್ನನ್ನು ದೂಡಿದ ವ್ಯವಸ್ಥೆಯನ್ನೂ ತೋರಿಸಬಹುದು. ಎರಡರಲ್ಲಿ ಒಂದನ್ನು ಆರಿಸಬೇಕೆಂದಿಲ್ಲ. ಬಾಬಾಸಾಹೇಬರು ಆ ಪ್ರಸಂಗವನ್ನು ನೆನೆದು ತನ್ನನ್ನು ತಾನೇ ಹಳಿದುಕೊಳ್ಳುತ್ತ ಕೂರಲಿಲ್ಲ, ಮುಚ್ಚಿಟ್ಟು ಬದುಕುವ ಯಾರನ್ನೂ ಹೇಡಿ ಎನ್ನಲಿಲ್ಲ. ಸೂರಿಗಾಗಿ ಹೆಸರು ಬದಲಿಸಬೇಕಾದ ಸ್ಥಿತಿಯನ್ನೇ ಬದಲಿಸಲು ಉಳಿದ ಆಯುಷ್ಯವನ್ನು ಸವೆಸಿದರು.

ಹಾಗಾಗಿ ನಾನು ಆ ಹುಡುಗಿಗೆ ಬರೆದೆ. "ಸುಮ್ಮನಿರುವುದು ಸುಳ್ಳಲ್ಲ. ಎಲ್ಲ ಸತ್ಯವನ್ನೂ ಎಲ್ಲರಿಗೂ ಹೇಳಬೇಕು ಎಂದು ಶೀಲ ಹೇಳುವುದಿಲ್ಲ, ಸುಳ್ಳು ಹೇಳಬೇಡ ಎನ್ನುತ್ತದೆ. ನಿನ್ನ ಓಣಿಯ ಹೆಸರು ಕೇಳುವ ಹಕ್ಕು ಅವರಿಗೆ ಯಾರೂ ಕೊಟ್ಟಿಲ್ಲ. ಆದರೆ ಇಲ್ಲದ ಇನ್ನೊಂದು ಜಾತಿಯ ಕಥೆ ಕಟ್ಟಬೇಡ. ನಮ್ಮವರನ್ನು ಹೀಯಾಳಿಸುವ ಜೋಕಿಗೆ ನಗಬೇಡ. ಮುಚ್ಚಿಡುವುದು ಅನಿವಾರ್ಯ ಆಗಬಹುದು, ಅವರ ಜೊತೆ ಸೇರಿ ನಗುವುದು ಅನಿವಾರ್ಯ ಅಲ್ಲ." ಕೊನೆಗೆ, ಯಾವತ್ತು ಹೇಳಬೇಕು ಎನ್ನುವುದು ನಿನ್ನ ತೀರ್ಮಾನ, ನನ್ನದಲ್ಲ, ಎಂದೂ ಬರೆದೆ.

ಹೇಳುವ ದಿನ ಬರಲು ಕೆಲವರಿಗೆ ವರ್ಷಗಳು ಬೇಕು. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ತೀರಿಕೊಂಡ ಮೇಲೆ, ಪತ್ರಕರ್ತೆ ಯಾಶಿಕಾ ದತ್ ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ತಮ್ಮ ಗುರುತನ್ನು ಸಾಮಾಜಿಕ ಜಾಲತಾಣದಲ್ಲೇ ಬಹಿರಂಗಪಡಿಸಿದರು. ಆಮೇಲೆ 2019ರಲ್ಲಿ 'ಕಮಿಂಗ್ ಔಟ್ ಆ್ಯಸ್ ದಲಿತ್' ಎಂಬ ಪುಸ್ತಕ ಬರೆದರು. ಅಷ್ಟು ವರ್ಷ ಯಾಕೆ ಸುಮ್ಮನಿದ್ದಿ ಎಂದು ಕೇಳುವುದು ಸುಲಭ. ಹೇಳಿದ ಮೇಲೆ ಏನೇನು ಎದುರಿಸಬೇಕಾಗುತ್ತದೆ ಎಂದು ಕೇಳುವವರಿಗೆ ಗೊತ್ತಿರುವುದಿಲ್ಲ. ಬಾಬಾಸಾಹೇಬರು ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲಾದಲ್ಲಿ ಘೋಷಿಸಿದ್ದು 1935ರಲ್ಲಿ, ದೀಕ್ಷೆ ತೆಗೆದುಕೊಂಡದ್ದು 1956ರಲ್ಲಿ. ನಡುವೆ 21 ವರ್ಷದ ಓದು, ಹೋರಾಟ, ತೂಗಿ ನೋಡುವಿಕೆ ಇದೆ. ಇವತ್ತು ಅನಿಸಿದ್ದನ್ನು ಇವತ್ತೇ ಹಾಕಿದರೆ ಮಾತ್ರ ಅಸಲಿ ಎನ್ನುವ ಅವಸರ ಮೊಬೈಲಿನದು, ಧಮ್ಮದ್ದಲ್ಲ.

ಇನ್ನೊಂದು ಮಾತು. ನಮ್ಮ ಗುಂಪುಗಳಲ್ಲಿ ಕೆಲವರು, "ಇವರು ನಮ್ಮವರೇ, ಮುಚ್ಚಿಟ್ಟುಕೊಂಡಿದ್ದಾರೆ" ಎಂದು ಯಾರದೋ ಫೋಟೋ, ಸ್ಕ್ರೀನ್‌ಶಾಟ್ ಹಾಕುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಹೇಳುವುದು ನಿಜವೇ ಇರಬಹುದು. ಆದರೆ ಬರೋಡಾದ ಮೆಟ್ಟಿಲ ಮೇಲೆ ಕೋಲು ಹಿಡಿದು ಬಂದವರು ಹೇಳಿದ್ದೂ ನಿಜವೇ ಆಗಿತ್ತು.

*ಕೊಪ್ಪಳದ ಬಂಡೆ*

ನಮ್ಮ ಗಜೇಂದ್ರಗಡದಿಂದ ಕೊಪ್ಪಳ ದೂರವೇನಲ್ಲ. ಗವಿಮಠದ ಜಾತ್ರೆಗೆ ನಮ್ಮೂರಿನವರು ಹೋಗಿ ಬರುತ್ತಾರೆ. ಆದರೆ ಅಲ್ಲಿನ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನ ಇದೆ ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ. ಹತ್ತಿರದಲ್ಲೇ ಪಾಲ್ಕಿಗುಂಡು ಬೆಟ್ಟದಲ್ಲೂ ಇನ್ನೊಂದು ಪ್ರತಿ ಇದೆ. ಎರಡೂ 1931ರಲ್ಲಿ ಬೆಳಕಿಗೆ ಬಂದವು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನವೂ ಇದೇ ಬಗೆಯದು. ಅದರಲ್ಲಿ ಅಶೋಕ ಎಂಬ ಹೆಸರೇ ಕೆತ್ತಿರುವುದರಿಂದ ಅದು ಹೆಚ್ಚು ಪ್ರಸಿದ್ಧ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ.

ಆ ಬಂಡೆಯ ಮೇಲೆ ಚಕ್ರವರ್ತಿ ಏನು ಬರೆಸಿದ್ದಾನೆ ಗೊತ್ತೇ? ನಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಒಂದು ವರ್ಷ ಹೆಚ್ಚಿನ ಪ್ರಯತ್ನವನ್ನೇನೂ ಮಾಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರಮಪಡುತ್ತಿದ್ದೇನೆ ಎಂಬ ಅರ್ಥದ ಮಾತು. ಆಮೇಲೆ, ಇದು ದೊಡ್ಡವರಿಗೆ ಮಾತ್ರ ಸಾಧ್ಯವಾಗುವುದಲ್ಲ, ಪ್ರಯತ್ನಪಟ್ಟರೆ ಚಿಕ್ಕವರಿಗೂ ಸಾಧ್ಯ ಎಂಬ ಮಾತು.

ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಎಲ್ಲರಿಗೂ ಕಾಣುವಂತೆ ಹಾಕಿದ ಬರಹ ಇದು. ಅಳಿಸಲು ಆಗದ ಬರಹ. ದೀಕ್ಷೆ ತೆಗೆದುಕೊಂಡು ಒಂದು ವರ್ಷ ಸುಮ್ಮನೆ ಇದ್ದೆ ಎಂದು ಒಬ್ಬ ದೊರೆ ಒಪ್ಪಿಕೊಳ್ಳುತ್ತಾನೆ. ಅಯ್ಯೋ ಎಂಥ ಪಾಪಿ ನಾನು ಎಂದು ಎದೆ ಬಡಿದುಕೊಳ್ಳುವುದಿಲ್ಲ. ನೋಡಿ ಎಷ್ಟು ವಿನಯವಂತ ನಾನು ಎಂದೂ ತೋರಿಸಿಕೊಳ್ಳುವುದಿಲ್ಲ. ಇದ್ದ ವರ್ಷದ ಲೆಕ್ಕ ಕೊಟ್ಟು, ನೀವೂ ಪ್ರಯತ್ನಪಡಿ ಎಂದು ಮುಗಿಸುತ್ತಾನೆ. ದೀಕ್ಷೆಯ ದಿನದ ಬಿಳಿ ಬಟ್ಟೆಯ ಫೋಟೋ ನಮ್ಮೆಲ್ಲರ ಮೊಬೈಲಿನಲ್ಲಿ ಇದೆ. ಆಮೇಲಿನ ಒಂದು ವರ್ಷ ಎಷ್ಟು ಸುತ್ತ ಓದಿದೆವು, ಎಷ್ಟು ದಿನ ಧ್ಯಾನಕ್ಕೆ ಕುಳಿತೆವು ಎಂದು ಯಾರು ಹಾಕಿದ್ದೇವೆ? ನಾನಂತೂ ಹಾಕಿಲ್ಲ.

ಅಶೋಕನ ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಕಳಿಂಗ ಯುದ್ಧದಲ್ಲಿ ಸತ್ತವರು, ಸೆರೆಯಾದವರು, ಅದರ ಬಗೆಗಿನ ಪಶ್ಚಾತ್ತಾಪ ಇದೆಲ್ಲ 13ನೆಯ ಶಿಲಾಶಾಸನದಲ್ಲಿ ಇದೆ. ಆದರೆ ಕಳಿಂಗದಲ್ಲೇ, ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ, ಆ 13ನೆಯದು ಇಲ್ಲ. ಅಲ್ಲಿ ಬೇರೆ ಎರಡು ಶಾಸನ ಕೆತ್ತಿಸಿದ. ಪ್ರಜೆಗಳೆಲ್ಲ ನನ್ನ ಮಕ್ಕಳು, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ, ಹಿಂಸಿಸಬೇಡಿ ಎಂದು ಅಲ್ಲಿನ ಅಧಿಕಾರಿಗಳಿಗೆ ಕಟ್ಟಪ್ಪಣೆ. ಯಾಕೆ ಹೀಗೆ ಮಾಡಿದ ಎಂದು ಅವನು ಬರೆದಿಲ್ಲ. ನೊಂದವರ ಎದುರು ತಪ್ಪೊಪ್ಪಿಕೊಳ್ಳಲು ಹಿಂಜರಿದ ಎಂದು ಯಾರಾದರೂ ಹೇಳಿದರೆ ತಳ್ಳಿಹಾಕಲಾಗದು. ಆದರೆ ನನಗೆ ಇನ್ನೊಂದೂ ಕಾಣುತ್ತದೆ. ಮಕ್ಕಳನ್ನು ಕಳೆದುಕೊಂಡವರ ಊರಿನಲ್ಲಿ ನನಗೆ ಎಷ್ಟು ದುಃಖವಾಗಿದೆ ನೋಡಿ ಎಂದು ಬಂಡೆ ನಿಲ್ಲಿಸುವುದಕ್ಕಿಂತ, ಇನ್ನು ಮುಂದೆ ಅವರನ್ನು ಯಾರೂ ಹಿಂಸಿಸದಂತೆ ಆಜ್ಞೆ ಬರೆಸುವುದು ಮೇಲು. ಯಾರಿಗೆ ತಪ್ಪು ಮಾಡಿದ್ದೇವೋ ಅವರಿಗೆ ನಮ್ಮ ಪಶ್ಚಾತ್ತಾಪದ ಪ್ರದರ್ಶನ ಬೇಕಿಲ್ಲ.

ಅವ್ವ ಕೇಳಿದ ದಿನ ನನ್ನ ಮೊದಲ ಯೋಚನೆ ಏನಿತ್ತು ಹೇಳಲೇ? ಇದನ್ನೂ ಒಂದು ಪೋಸ್ಟ್ ಮಾಡೋಣ, ಅವ್ವ ನನಗೆ ಕಲಿಸಿದ ಪಾಠ ಎಂದು. ಚೆನ್ನಾಗಿ ಓಡುತ್ತಿತ್ತು. ಅವತ್ತು ಮೊಬೈಲ್ ಬದಿಗಿಟ್ಟೆ. ಇವತ್ತು ನಿಮಗೆ ಬರೆಯುತ್ತಿರುವುದನ್ನು ಅವಳಿಗೆ ಎರಡು ಸಲ ಓದಿ ಹೇಳಿ, ಅವಳು ಸರಿ ಎಂದ ಮೇಲೆ ಕಳಿಸುತ್ತಿದ್ದೇನೆ. ಒಂದು ಕಡೆ ಅವಳು ತಿದ್ದಿದ್ದೂ ಇದೆ. ಎಷ್ಟು ಜನ ತಂಬಿಗೆ ತಂದರು ಎಂದು ನಾನು ಒಂದು ಸಂಖ್ಯೆ ಬರೆದಿದ್ದೆ. "ಎಣಿಸಿದ್ದಿಲ್ಲ, ಸಂಖ್ಯೆ ಬರೀಬ್ಯಾಡ" ಎಂದಳು. ತೆಗೆದೆ.

*ಕನ್ನಡಿ*

ರಾಹುಲನ ಸುತ್ತಕ್ಕೆ ಮತ್ತೆ ಬರುತ್ತೇನೆ. ರಾಜಸ್ಥಾನದ ಬೈರಾಟಿನಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನು ಭಿಕ್ಖುಗಳೂ ಉಪಾಸಕ ಉಪಾಸಿಕೆಯರೂ ಮತ್ತೆ ಮತ್ತೆ ಕೇಳಬೇಕಾದ ಏಳು ಧಮ್ಮಪಾಠಗಳನ್ನು ಹೆಸರಿಸಿದ್ದಾನೆ. ಅವುಗಳಲ್ಲಿ ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಉಪದೇಶ ಒಂದು. ಆ ಸುತ್ತದಲ್ಲಿ ಪಾತ್ರೆಯ ನಂತರ ಬುದ್ಧರು ಕನ್ನಡಿ ಯಾತಕ್ಕೆ ಎಂದು ಕೇಳುತ್ತಾರೆ. ನೋಡಿಕೊಳ್ಳಲು ಎನ್ನುತ್ತಾನೆ ರಾಹುಲ. ಹಾಗೆಯೇ ಪ್ರತಿಯೊಂದು ಕೆಲಸವನ್ನೂ ಮಾತನ್ನೂ ಮನಸ್ಸಿನ ಯೋಚನೆಯನ್ನೂ ನೋಡಿಕೊಳ್ಳಬೇಕು. ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ. ಇದರಿಂದ ನನಗೆ ಕೇಡೇ, ಇತರರಿಗೆ ಕೇಡೇ, ಇಬ್ಬರಿಗೂ ಕೇಡೇ ಎಂದು. ಮಾಡಿದ ಮೇಲೆ ಕೇಡು ಎಂದು ತಿಳಿದರೆ ಗುರುವಿನ ಮುಂದೆಯೋ ಸಂಗಾತಿಗಳ ಮುಂದೆಯೋ ಹೇಳಿಕೊಂಡು ಮುಂದೆ ಎಚ್ಚರವಾಗಿರಬೇಕು.

ಮೊಬೈಲಿನ ಮುಂದಿನ ಕ್ಯಾಮೆರಾ ಕನ್ನಡಿಯಂತೆಯೇ ಕಾಣುತ್ತದೆ. ಆದರೆ ಅದನ್ನು ನೋಡುವಾಗ ನಾವು ನಮ್ಮನ್ನು ನೋಡಿಕೊಳ್ಳುವುದಿಲ್ಲ, ಬೇರೆಯವರು ನಮ್ಮನ್ನು ಹೇಗೆ ನೋಡಬೇಕು ಎಂಬುದನ್ನು ನೋಡುತ್ತೇವೆ. ಎರಡು ವರ್ಷದ ಹಿಂದಿನ ಆ ರಾತ್ರಿ ನಾನು ಕನ್ನಡಿ ನೋಡಿದ್ದರೆ ಆ ಒಂದು ಸಾಲು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಕೊನೆಗೆ ಏನಾಯಿತು ಎಂದು ಹೇಳಿಬಿಡುತ್ತೇನೆ. ಪೋಸ್ಟ್ ತೆಗೆದುಹಾಕುತ್ತೇನೆ ಎಂದೆ ಅವ್ವನಿಗೆ. "ತಗೀಬ್ಯಾಡ, ತಿದ್ದು" ಎಂದಳು. "ನೀರು ಸುರುವಿದ್ದು ಖರೆ ಐತಿ, ಅದು ಇರ್ಲಿ. ತಂಬಿಗಿ ಬರಿ. ನನ್ನ ಕೈ ಫೋಟೋ ಮಾತ್ರ ತಗಿ, ಮಲಕೊಂಡಾಗ ತಗದದ್ದು." ಹಾಗೆಯೇ ಮಾಡಿದೆ. ಮೊದಲು ಬರೆದದ್ದರಲ್ಲಿ ಒಂದು ಸಾಲು ಸುಳ್ಳಿತ್ತು, ತಿದ್ದಿದ್ದೇನೆ ಎಂದು ಮೇಲೆ ಸೇರಿಸಿದೆ. ತಿದ್ದಿದ ಬರಹವನ್ನು ಓದಿದವರು ಬೆರಳೆಣಿಕೆಯಷ್ಟು. ಒಬ್ಬರು, "ಮೊದಲಿನದೇ ಚೆನ್ನಾಗಿತ್ತು ಮೇಡಂ" ಎಂದರು. ಆದರೆ ಅವತ್ತು ಸಂಜೆ ಅವ್ವ ಆ ಹುಡುಗನನ್ನು ಕರೆದು ಮತ್ತೊಮ್ಮೆ ಓದಿಸಿದಳಂತೆ. ಕಟ್ಟೆಯ ಮೇಲಿದ್ದ ಇನ್ನಿಬ್ಬರು ಮುದುಕಿಯರು, "ಹೌದ್ ನೋಡ, ನನ್ನ ತಂಬಿಗಿ ತಾಮ್ರದ್ದಿತ್ತು" ಎಂದು ಶುರುಮಾಡಿದರಂತೆ.

ತರುಣ ಮಿತ್ರರಿಗೆ ನನ್ನ ಉತ್ತರ ಇಷ್ಟೇ. ನಮಗೆ ಅಸಲಿಯಾಗಿರುವುದು ಎಂದರೆ ಎಲ್ಲವನ್ನೂ ಬಿಚ್ಚಿ ತೋರಿಸುವುದಲ್ಲ. ಹೇಳಿದಷ್ಟನ್ನು ನಿಜವಾಗಿ ಹೇಳುವುದು, ಹೇಳದಿರುವುದನ್ನು ಹೆದರಿಕೆಯಿಂದಲೋ ಗೌರವದಿಂದಲೋ ಹೇಳದೆ ಇರಲು ಎಲ್ಲರಿಗೂ ಅವಕಾಶ ಕೊಡುವುದು. ಜನರಿಗೆ ಆಪ್ತವಾಗುವುದು ಆಮೇಲಿನ ಮಾತು. ಮೊದಲು, ಯಾರ ಬಗ್ಗೆ ಬರೆದೆವೋ ಅವರ ಎದುರು ಕುಳಿತು ಅದನ್ನು ಓದಿ ಹೇಳಲು ನಮ್ಮ ಗಂಟಲು ಒಪ್ಪಬೇಕು.

*ಇಂದಿನ ಅಭ್ಯಾಸಕ್ಕೆ*

ಇವತ್ತು ಏನಾದರೂ ಹಾಕುವ ಮೊದಲು, ಸ್ಟೇಟಸ್ ಆಗಲಿ ಫಾರ್ವರ್ಡ್ ಆಗಲಿ, ಮೂರು ಪ್ರಶ್ನೆ ಕೇಳಿಕೊಳ್ಳೋಣ.

1. ಇದರಲ್ಲಿ ನಾನು ಕಾಣದ, ನನಗೆ ತಿಳಿಯದ ಒಂದಾದರೂ ಸಾಲು ಸೇರಿಸಿದ್ದೇನೆಯೇ?
2. ಇದು ಯಾರ ಕಥೆ? ಅವರನ್ನು ಕೇಳಿದ್ದೇನೆಯೇ?
3. ಒಬ್ಬರೂ ಲೈಕ್ ಮಾಡದಿದ್ದರೂ ಇದನ್ನು ಹೇಳುತ್ತಿದ್ದೆನೇ?

ಭಾನುವಾರ ವಂದನೆಯ ನಂತರ ರಾಹುಲೋವಾದ ಸುತ್ತವನ್ನು ಮತ್ತೆ ಓದೋಣ. ನಿಮ್ಮ ಮನೆಯ ಹಿರಿಯರನ್ನೂ ಕರೆತನ್ನಿ. ಅವರ ಬಳಿ ನಮಗೆ ನೆನಪಿಲ್ಲದ ತಂಬಿಗೆಗಳು ಇರಬಹುದು.

ಭವತು ಸಬ್ಬ ಮಂಗಲಂ.
ಜೈ ಭೀಮ್.